ಮೈಕು ಆಮೇಲೆ ಹಿಡಿಯೋಣ

ಚರ್ಚಿನಲ್ಲಿ ಟ್ರೇನಿಂಗ್ ಅಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬ ಹುಡುಗ, ಒಂದು ಕೈಯಲ್ಲಿ ಸತ್ಯವೇದ, ಇನ್ನೊಂದು ಕೈಯಲ್ಲಿ ಮೈಕು. ಮೂರು ದಿನದ ಶಿಬಿರ, ಕೊನೆಯ ದಿನ ಸರ್ಟಿಫಿಕೇಟು, ಗ್ರೂಪ್ ಫೋಟೋ, ಊಟ. ಮುಂದಿನ ಭಾನುವಾರದಿಂದ ಹುಡುಗ ಪ್ರಸಂಗ ಮಾಡೋಕೆ ರೆಡಿ!

ಈ ಶಿಬಿರಗಳ ಬಗ್ಗೆ ನನಗೆ ಸಿಟ್ಟಿಲ್ಲ. ಒಂದು ಪ್ರಶ್ನೆ ಮಾತ್ರ ಇದೆ. ಆಸ್ಪತ್ರೆಯಲ್ಲಿ ಮಲಗಿರುವವನ ಪಕ್ಕ ಹತ್ತು ನಿಮಿಷ ಸುಮ್ಮನೆ ಕೂರೋದನ್ನ ಆ ಹುಡುಗನಿಗೆ ಯಾರು ಕಲಿಸಿದರು? ಕಾಣಿಕೆ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆಯೋದನ್ನ? ಫ್ಯಾಕ್ಟರಿಯಲ್ಲಿ ಕೈ ಕಳಕೊಂಡವನ ಹೆಂಡತಿ ಜೊತೆ ಯಾವ ಆಫೀಸಿಗೆ ಹೋಗಬೇಕು ಅನ್ನೋದನ್ನ? ಚಾಕಣದಂಥ ಊರಿನ ಸಣ್ಣ ಬ್ಯಾಪ್ಟಿಸ್ಟ್ ಸಭೆಗಳಿಗೆ ಮೊದಲು ಬೇಕಾದ ತರಬೇತಿ ಇದು, ಮೈಕಿನದ್ದು ಆಮೇಲೆ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ನನ್ನ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಅಂತ ಗೊತ್ತು. ಆದರೆ "ಸದಸ್ಯರು ನೂರಿಪ್ಪತ್ತು, ಕೆಲಸ ಮಾಡೋನು ಒಬ್ಬನೇ" ಅನ್ನೋ ರೋಗ ನಮ್ಮ ಕನ್ನಡ ಸಂಘಗಳಿಗೂ ಇದೆ, ಹೌಸಿಂಗ್ ಸೊಸೈಟಿಗಳಿಗೂ ಇದೆ. ರಾಜ್ಯೋತ್ಸವಕ್ಕೆ ಕುರ್ಚಿ ಹಾಕೋನೂ ಕಾರ್ಯದರ್ಶಿಯೇ, ತೆಗೆಯೋನೂ ಅವನೇ. ಆದ್ದರಿಂದ ಇದು ನಿಮಗೂ ಸಂಬಂಧಪಟ್ಟ ಮಾತು.

ಮೊದಲು ಊರಿನ ಬಗ್ಗೆ. ಚಾಕಣ ಅಂದರೆ ಒಂದು ಕಾಲಕ್ಕೆ ಪುಣೆಯವರಿಗೆ ಈರುಳ್ಳಿ ಮಾರುಕಟ್ಟೆ ಮತ್ತು ಒಂದು ಹಳೆ ಕೋಟೆ, ಅಷ್ಟೇ. 2009ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಶುರುವಾಯಿತು. ಬಜಾಜ್ ಅದಕ್ಕೂ ಮೊದಲೇ ಬಂದಿತ್ತು, ಮರ್ಸಿಡಿಸ್, ಮಹೀಂದ್ರ ಕೂಡ ಬಂದವು. ಅವುಗಳ ಹಿಂದೆ ಬಿಡಿಭಾಗ ಮಾಡುವ ನೂರಾರು ಸಣ್ಣ ಘಟಕಗಳು ಬಂದವು. ಅವುಗಳ ಹಿಂದೆ ಜನ. ಬೀದರ, ಕಲಬುರಗಿ, ವಿಜಯಪುರದಿಂದ ನಮ್ಮವರು, ಒಡಿಶಾ, ಬಿಹಾರ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಇನ್ನೊಬ್ಬರು. ಒಂದು ಪತ್ರಾಸ್ ಖೋಲಿಯಲ್ಲಿ ಐದಾರು ಹುಡುಗರು, ಮೂರು ಶಿಫ್ಟು. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗ್ತಾನೆ. ನಾಸಿಕ್ ಹೆದ್ದಾರಿಯ ಟ್ರಾಫಿಕ್ ಬಗ್ಗೆ ಹೇಳೋದೇ ಬೇಡ, ಅದರಲ್ಲಿ ಸಿಕ್ಕಿಕೊಂಡವರೇ ಇದನ್ನ ಮೊಬೈಲಿನಲ್ಲಿ ಓದ್ತಾ ಇರ್ತೀರಿ!

ಇಂಥ ಊರಲ್ಲಿ ಸಭೆಗಳು ಬಾಡಿಗೆ ಹಾಲ್‌ನಲ್ಲಿ, ಅಂಗಡಿ ಮೇಲಿನ ಮಾಳಿಗೆಯಲ್ಲಿ ಸೇರ್ತವೆ. ನಾಗಾ, ಒಡಿಯಾ, ತೆಲುಗು, ಮರಾಠಿ, ನಮ್ಮ ಕನ್ನಡದ ನಾಲ್ಕೈದು ಮನೆ. ಹಾಡು ಒಂದು ಭಾಷೆಯಲ್ಲಿ, ಪ್ರಾರ್ಥನೆ ಇನ್ನೊಂದರಲ್ಲಿ, ಪ್ರಸಂಗ ಫ್ಯಾಕ್ಟರಿ ಹಿಂದಿಯಲ್ಲಿ. ನಾನು ಬೀದರ ಕಡೆಯ ಮೆಥಡಿಸ್ಟ್ ಮನೆತನದವನು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು. ಚಾಕಣದಲ್ಲಿ ಕನ್ನಡದ ಆರಾಧನೆ ಹುಡುಕಿ ಸೋತು ಬ್ಯಾಪ್ಟಿಸ್ಟರ ಜೊತೆ ಕೂತವನು. ಬ್ಯಾಂಕಿನವನು ಅಂತ ಗೊತ್ತಾದ ಕೂಡಲೇ ಲೆಕ್ಕದ ಪುಸ್ತಕ ಕೈಗೆ ಕೊಟ್ಟರು. ಬಿಕಾಂ ಓದಿದ್ದಕ್ಕೆ ದೇವರ ಮನೆಯಲ್ಲೂ ಬಿಡುಗಡೆ ಇಲ್ಲ ನೋಡಿ.

ಬ್ಯಾಪ್ಟಿಸ್ಟರ ಪದ್ಧತಿ ನನಗೆ ಹೊಸದು. ನಮ್ಮಲ್ಲಿ ಬಿಷಪ್ ಇರ್ತಾರೆ, ಅವರ ಕೈಕೆಳಗೆ ಜಿಲ್ಲಾ ಮೇಲ್ವಿಚಾರಕರು, ಅವರ ಕೈಕೆಳಗೆ ಅಯ್ನೋರು. ಒಬ್ಬರು ವರ್ಗ ಆದರೆ ಇನ್ನೊಬ್ಬರು ಬರ್ತಾರೆ, ಬ್ಯಾಂಕ್ ಥರಾನೇ. ಬ್ಯಾಪ್ಟಿಸ್ಟರಲ್ಲಿ ಹೆಡ್ ಆಫೀಸ್ ಆಳೋದಿಲ್ಲ. ಒಕ್ಕೂಟಗಳು ಇರ್ತವೆ, ಸಹಾಯ ಮಾಡ್ತವೆ, ಆದರೆ ಪ್ರತಿ ಸ್ಥಳೀಯ ಸಭೆಯೂ ಸ್ವತಂತ್ರ. ಕೂಸುಗಳಿಗೆ ದೀಕ್ಷಾಸ್ನಾನ ಇಲ್ಲ. ಬುದ್ಧಿ ತಿಳಿದವರು ತಾವೇ ನಂಬಿದ್ದೇನೆ ಅಂತ ಹೇಳಿ ನೀರಿಗೆ ಇಳೀಬೇಕು. ಹಾಗೆ ಇಳಿದ ಪ್ರತಿಯೊಬ್ಬರಿಗೂ ಸದಸ್ಯರ ಸಭೆಯಲ್ಲಿ ಒಂದು ಓಟು. ಪಾಸ್ಟರನ್ನ ಕರೆಯೋರೂ ಅವರೇ, ಲೆಕ್ಕ ಒಪ್ಪೋರೂ ಅವರೇ. ಎಲ್ಲ ವಿಶ್ವಾಸಿಗಳೂ ಯಾಜಕರೇ ಅನ್ನೋದು ಅವರ ಮೂಲ ತತ್ವ.

ತತ್ವ ಚೆನ್ನಾಗಿದೆ. ಆದರೆ ಅದರ ಲೆಕ್ಕಾಚಾರ ಏನಾಗ್ತದೆ ನೋಡಿ. ಮೇಲಿಂದ ಯಾರೂ ಬರೋದಿಲ್ಲ ಅಂದ ಮೇಲೆ ಸಭೆಯ ಶಕ್ತಿ ಅಂದರೆ ಸದಸ್ಯರ ಶಕ್ತಿ ಅಷ್ಟೇ. ಸದಸ್ಯರಿಗೆ ಏನೂ ಬರೋದಿಲ್ಲ ಅಂದರೆ ಸಭೆಗೂ ಏನೂ ಬರೋದಿಲ್ಲ. ಓಟು ಕೊಟ್ಟು ಕೆಲಸ ಕಲಿಸದೆ ಬಿಟ್ಟರೆ ಏನಾಗ್ತದೆ ಅನ್ನೋದು ನಮ್ಮ ದೇಶದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಲ್ಲವೂ ಒಬ್ಬ ಪಾಸ್ಟರ್ ಮೇಲೆ ಬೀಳ್ತದೆ. ಅವರೇ ಪ್ರಸಂಗಿ, ಅವರೇ ಡ್ರೈವರ್, ಅವರೇ ಕ್ಯಾಶಿಯರ್. ಮೋಶಿಯಿಂದ ರಾಜಗುರುನಗರದ ತನಕ ಬೈಕಿನಲ್ಲಿ ಓಡಾಡಿ ನಲವತ್ತಕ್ಕೇ ಸೊಂಟ ಹಿಡಿದುಬಿಡ್ತದೆ.

ಸತ್ಯವೇದದಲ್ಲೇ ಇದಕ್ಕೆ ಮೊದಲ ಉದಾಹರಣೆ ಇದೆ. ಅಪೊಸ್ತಲರ ಕೃತ್ಯಗಳು, ಆರನೇ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಹಂಚಿಕೆ ನಡೀತಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗ್ತಾ ಇಲ್ಲ ಅಂತ ಗೊಣಗಾಟ ಶುರುವಾಯಿತು. ಗಮನಿಸಿ, ಜಗಳ ಭಾಷೆಯದ್ದು, ಹೊರಗಿನಿಂದ ಬಂದವರದ್ದು! ಅಪೊಸ್ತಲರು ನಾವೇ ನೋಡ್ಕೋತೀವಿ ಅನ್ನಲಿಲ್ಲ. ಜನರೇ ಏಳು ಮಂದಿಯನ್ನ ಆರಿಸಲಿ ಅಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರು. ಅಂದರೆ ಯಾರಿಗೆ ಅನ್ಯಾಯ ಆಗಿತ್ತೋ ಅವರ ಭಾಷೆ ಬಲ್ಲವರ ಕೈಗೇ ಕೆಲಸ ಕೊಟ್ಟರು ಅಂತ ಕಾಣ್ತದೆ. ಅವರಲ್ಲಿ ಸ್ತೆಫನ, ಫಿಲಿಪ್ಪ ಇಬ್ಬರೂ ಆಮೇಲೆ ದೊಡ್ಡ ಬೋಧಕರಾದರು. ಶುರು ಮಾಡಿದ್ದು ಮಾತ್ರ ಊಟದ ಪಂಕ್ತಿಯಿಂದ.

ಇನ್ನೊಂದು ಕಡೆ ಒಂದು ಅಲ್ಪವಿರಾಮದ ಕಥೆ ಇದೆ. ಒಂದು ಚುಕ್ಕೆ ಆಚೀಚೆ ಆದರೆ ಸಾವಿರ ಲಕ್ಷ ಆಗ್ತದೆ ಅಂತ ನಾವು ಬ್ಯಾಂಕಿನವರಿಗೆ ಗೊತ್ತಲ್ಲ, ಇದೂ ಹಾಗೇ. ಪೌಲ ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ, 12ನೇ ವಚನ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿ ಅಲ್ಲೊಂದು ಅಲ್ಪವಿರಾಮ ಇದೆ. ಅದನ್ನಿಟ್ಟು ಓದಿದರೆ ಬೋಧಕರಿಗೆ ಎರಡು ಬೇರೆ ಬೇರೆ ಕೆಲಸ: ಭಕ್ತರನ್ನ ತಿದ್ದೋದು ಒಂದು, ಸೇವೆ ಮಾಡೋದು ಇನ್ನೊಂದು. ತೆಗೆದು ಓದಿದರೆ ಒಂದೇ ಕೆಲಸ: ಭಕ್ತರೇ ಸೇವೆ ಮಾಡುವ ಹಾಗೆ ಅವರನ್ನ ತಯಾರು ಮಾಡೋದು. ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದದವರು 1946ರಲ್ಲಿ ಉಳಿಸಿಕೊಂಡಿದ್ದ ಆ ಅಲ್ಪವಿರಾಮವನ್ನ 1971ರ ಪರಿಷ್ಕರಣೆಯಲ್ಲಿ ತೆಗೆದುಹಾಕಿದರು. ಹಳೆಯ ಗ್ರೀಕ್ ಕೈಬರಹಗಳಲ್ಲಿ ಈಗಿನಂಥ ಅಲ್ಪವಿರಾಮ ಇರಲೇ ಇಲ್ಲ. ನಾನು ಪಂಡಿತ ಅಲ್ಲ, ಆದರೆ ಚಾಕಣದಲ್ಲಿ ಆ ಅಲ್ಪವಿರಾಮವನ್ನ ಇಟ್ಟುಕೊಂಡು ಸಭೆ ನಡೆಸೋಕೆ ಆಗೋದಿಲ್ಲ ಅನ್ನೋದು ಮಾತ್ರ ನನಗೆ ಗೊತ್ತು.

ಇತಿಹಾಸ ನೋಡಿದರೂ ಭಾರತದಲ್ಲಿ ಬ್ಯಾಪ್ಟಿಸ್ಟರ ಕೆಲಸ ಶುರುವಾಗಿದ್ದು ಕೈಕೆಲಸದವರಿಂದಲೇ. ವಿಲಿಯಂ ಕೇರಿ ಚಪ್ಪಲಿ ಹೊಲಿಯೋ ಕಸುಬು ಕಲಿತವನು. 1793ರಲ್ಲಿ ಬಂಗಾಳಕ್ಕೆ ಬಂದ. 1800ರಲ್ಲಿ ಡೇನರ ಆಳ್ವಿಕೆಯಲ್ಲಿದ್ದ ಸೇರಾಂಪುರದಲ್ಲಿ ಜೊತೆಯಾದವರು ಮುದ್ರಣದ ಕಸುಬಿನ ವಿಲಿಯಂ ವಾರ್ಡ್, ಶಾಲಾ ಮಾಸ್ತರ ಜೋಶುವಾ ಮಾರ್ಷ್‌ಮನ್. ಅದೇ ವರ್ಷ ಡಿಸೆಂಬರ್ 28ರಂದು ಅವರಿಂದ ಮೊದಲು ದೀಕ್ಷಾಸ್ನಾನ ಪಡೆದ ಬಂಗಾಳಿ ಕೃಷ್ಣ ಪಾಲ್ ಬಡಗಿ. ಭುಜ ಕಳಚಿಕೊಂಡಾಗ ಮಿಷನ್‌ನ ಡಾಕ್ಟರ್ ಜಾನ್ ಥಾಮಸ್ ಅದನ್ನ ಕೂರಿಸಿದ್ದರಿಂದ ಪರಿಚಯ ಆದದ್ದು. ಆಮೇಲೆ ಆ ಬಡಗಿಯೇ ಬೋಧಕನಾದ. ಅಂದ ಹಾಗೆ ಕನ್ನಡಿಗರಾದ ನಮಗೆ ಕೇರಿಯ ಋಣ ಇದೆ. 1817ರಲ್ಲಿ ಅವನು ಕನ್ನಡಕ್ಕೊಂದು ವ್ಯಾಕರಣ ಬರೆದು ಪ್ರಕಟಿಸಿದ. ಅದಕ್ಕೂ ಮೊದಲು, 1805ರಲ್ಲಿ, ಮರಾಠಿಗೆ. ನಮ್ಮ ಎರಡೂ ಊಟದ ಭಾಷೆ ಅವನ ಮೇಜಿನ ಮೇಲೆ ಇದ್ದವು! ಬಸವಕಲ್ಯಾಣದ ಹತ್ತಿರ ಹುಟ್ಟಿದ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹರಳಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಇವರನ್ನೆಲ್ಲ ಕಸುಬಿನ ಹೆಸರಿನಿಂದಲೇ ಗೌರವಿಸಿದ ನೆಲ ಅದು.

ಎರಡನೇ ಉದಾಹರಣೆ ನಮ್ಮ ಪಕ್ಕದ ಆಂಧ್ರದ್ದು. ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೋ ಊರಿನಲ್ಲಿ ಸರ್ವೇ ಕೆಲಸ ಮಾಡಿದ್ದವನು. 1876ರಿಂದ 78ರ ದೊಡ್ಡ ಬರ, ನಮ್ಮ ಕಡೆಯ ಅಜ್ಜಂದಿರೂ ಅದರ ಹೆಸರು ಹೇಳ್ತಿದ್ದರು. ಆಗ ಕ್ಲೋ ಬಕಿಂಗ್‌ಹ್ಯಾಮ್ ಕಾಲುವೆಯ ಸುಮಾರು ಮೂರೂವರೆ ಮೈಲಿ ಅಗೆಯುವ ಗುತ್ತಿಗೆ ಹಿಡಿದ, ಹಸಿದವರಿಗೆ ಕೂಲಿ ಸಿಗಲಿ ಅಂತ. ಮೇಲ್ವಿಚಾರಣೆಗೆ ಇಟ್ಟಿದ್ದು ತನ್ನ ಸ್ಥಳೀಯ ಬೋಧಕರನ್ನೇ, ಅವರಲ್ಲಿ ಬಹಳಷ್ಟು ಮಂದಿ ಚರ್ಮದ ಕೆಲಸದ ಮಾದಿಗ ಸಮುದಾಯದವರು. ಅವರು ಮಣ್ಣು ಅಳೆದರು, ಕೂಲಿ ಹಂಚಿದರು, ವಿಶ್ರಾಂತಿ ಹೊತ್ತಲ್ಲಿ ಜನರ ಜೊತೆ ಕೂತು ಮಾತಾಡಿದರು.

ಇದರಲ್ಲಿ ನನಗೆ ಮುಖ್ಯ ಅನಿಸೋದು ಇನ್ನೊಂದು ಸಂಗತಿ. ಪರಿಹಾರದ ಕಾಮಗಾರಿ ನಡೆಯುವಷ್ಟು ಕಾಲ ಕ್ಲೋ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಎಷ್ಟೋ ಜನ ಬಂದು ಕೇಳಿದರೂ ಕೊಡಲಿಲ್ಲ. ಹೊಟ್ಟೆಗಾಗಿ ಬಂದವರು ಯಾರು, ನಂಬಿ ಬಂದವರು ಯಾರು ಅಂತ ಬೇರೆ ಮಾಡೋಕೆ ಆಗದ ಹೊತ್ತಿನಲ್ಲಿ ಅದು ಸರಿಯಲ್ಲ ಅಂತ. ಕೂಲಿ, ಅನ್ನ ಎಲ್ಲಾ ನಿಂತ ಮೇಲೆ, 1878ರ ಜುಲೈ 2, 3, 4ರಂದು, ಕ್ರಮವಾಗಿ 614, 2,222, 700 ಜನ ದೀಕ್ಷಾಸ್ನಾನ ತಗೊಂಡರು. ಒಟ್ಟು 3,536. ಜನ ಎರಡನೇ ದಿನದ ಅಂಕಿಯನ್ನ ಹೇಳಿ ಬೆರಗಾಗ್ತಾರೆ. ನನಗೆ ಬೆರಗು ಅದಕ್ಕೂ ಮುಂಚಿನ ಸೊನ್ನೆಯ ಬಗ್ಗೆ. ಸಹಾಯದ ಖಾತೆ ಬೇರೆ, ನಂಬಿಕೆಯ ಖಾತೆ ಬೇರೆ. ಒಂದರಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಮಾಡಬಾರದು. ಇವತ್ತು ಸೇವೆಯ ತರಬೇತಿ ಕೊಡುವ ಯಾವ ಸಭೆಯೇ ಆಗಲಿ, ಮೊದಲ ದಿನದ ಮೊದಲ ಪಾಠ ಇದೇ ಆಗಬೇಕು. ಪಕ್ಕದ ಮನೆಯ ಮರಾಠಿ ಅಜ್ಜಿಗೆ ಔಷಧಿ ತಂದುಕೊಟ್ಟರೆ ತಂದುಕೊಟ್ಟದ್ದಷ್ಟೇ. ಅದರ ಹಿಂದೆ ಇನ್ನೊಂದು ಚೀಟಿ ಇರಬಾರದು. ನಮ್ಮನ್ನ ಅನುಮಾನದಿಂದ ನೋಡುವವರು ಇದ್ದಾರೆ. ವಾದ ಮಾಡಿ ಆ ಅನುಮಾನ ಹೋಗೋದಿಲ್ಲ, ಇಂಥ ಶಿಸ್ತಿನಿಂದ ಹೋದರೆ ಹೋದೀತು.

ಮೂರನೆಯದು ಪುಣೆಯಿಂದ ಸೊಲ್ಲಾಪುರದ ಕಡೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಕಾಣುವ ಊರು, ದೌಂಡಿಗಿಂತ ಮೊದಲು ಸಿಗುವ ಕೇಡಗಾಂವ್. ಕಲಬುರಗಿಗೆ ಹೋಗುವ ನಾವು ಎಷ್ಟು ಸಲ ಅದನ್ನ ದಾಟಿಲ್ಲ! ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರೋದು ಅಲ್ಲೇ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಮನೆಮಾತು ಮರಾಠಿ, ಕನ್ನಡವೂ ಬರ್ತಿತ್ತು. ರಮಾಬಾಯಿ ಬ್ಯಾಪ್ಟಿಸ್ಟ್ ಅಲ್ಲ, ಆದರೆ ತರಬೇತಿ ಅಂದರೆ ಏನು ಅನ್ನೋದಕ್ಕೆ ಮಹಾರಾಷ್ಟ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬರದಲ್ಲಿ ಅನಾಥರಾದ ಹುಡುಗಿಯರು, ಮನೆಯಿಂದ ಹೊರಬಿದ್ದ ವಿಧವೆಯರು ಅಲ್ಲಿ ಓದಿನ ಜೊತೆಗೆ ನೇಯ್ಗೆ, ಹೊಲದ ಕೆಲಸ, ಅಡಿಗೆ, ಅಚ್ಚಿನ ಮೊಳೆ ಜೋಡಿಸೋದು ಎಲ್ಲಾ ಕಲಿತರು. ಆಕೆ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ಅನುವಾದಿಸಿದ ಸತ್ಯವೇದವನ್ನ ಅಲ್ಲಿನ ಹೆಂಗಸರೇ ಅಚ್ಚು ಹಾಕಿದರು. 1922ರಲ್ಲಿ ಆಕೆ ತೀರಿಕೊಂಡರು, ಸಂಸ್ಥೆ ಉಳಿಯಿತು. ಕೆಲಸ ಬಲ್ಲವರು ಬಹಳ ಜನ ಇದ್ದದ್ದರಿಂದ ಉಳಿಯಿತು ಅಂತ ನಾನು ನಂಬ್ತೀನಿ.

ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಕೂಡ ಹೀಗೇ ಎರಡು ಕಾಲಿನ ಮೇಲೆ ನಡೆಯಿತು. 1847ರಲ್ಲಿ ಉಪದೇಶಿಗಳ ತರಬೇತಿಗೆ ಶಾಲೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಗೊತ್ತಿಲ್ಲದ ಕನ್ನಡಿಗ ಇದ್ದಾನೆಯೇ?

ಸರಿ, ಚಾಕಣಕ್ಕೆ ವಾಪಸು ಬರೋಣ. ಇಲ್ಲಿನ ಒಂದು ಸಣ್ಣ ಸಭೆಗೆ ನಾನು ಪಠ್ಯ ಮಾಡೋದಾದರೆ ಏನಿಡ್ತೀನಿ? ಬ್ಯಾಂಕಿನವನ ಪಟ್ಟಿ ಇದು, ನಗಬೇಡಿ.

ಮೊದಲನೆಯದು, ರೋಗಿಯನ್ನ ನೋಡೋಕೆ ಹೋಗೋದು. ಹಾಸಿಗೆ ಮೇಲೆ ಕೂರಬಾರದು. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿ ಸತ್ತೋದರು ಅಂತ ಕಥೆ ಹೇಳಬಾರದು. ಪ್ರಾರ್ಥನೆ ಮಾಡಲಾ ಅಂತ ಮೊದಲು ಕೇಳಬೇಕು. ವಾಸಿ ಆಗೇ ಆಗ್ತದೆ ಅಂತ ದೇವರ ಪರವಾಗಿ ಗ್ಯಾರಂಟಿ ಸಹಿ ಹಾಕಬಾರದು. ಗುಳಿಗೆ ಬಿಡಿ, ನಂಬಿಕೆ ಇಡಿ ಅಂತ ಅನ್ನೋರು ಸೇವೆಗೇ ಬರಬಾರದು. ಇದನ್ನ ತರಗತಿಯಲ್ಲಿ ಹೇಳಿದರೆ ಸಾಲದು, ಒಬ್ಬ ಅನುಭವಸ್ಥರ ಹಿಂದೆ ಹೋಗಿ ನೋಡಿ ಕಲೀಬೇಕು. 1925ರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನ ವೂಸ್ಟರ್‌ನ ಮಾನಸಿಕ ಆಸ್ಪತ್ರೆಯ ವಾರ್ಡಿಗೆ ಕರೆದುಕೊಂಡು ಹೋಗಿ ಇದೇ ಕ್ರಮ ಶುರುಮಾಡಿದ. ಅವನೇ ಒಂದು ಕಾಲಕ್ಕೆ ಅಂಥ ಆಸ್ಪತ್ರೆಯ ರೋಗಿಯಾಗಿದ್ದ. ಬೆಂಗಳೂರಿನ ಹೆಬ್ಬಾಳದಲ್ಲಿ 1973ರಲ್ಲಿ ಬ್ಯಾಪ್ಟಿಸ್ಟರೇ ಶುರುಮಾಡಿದ, 1989ರಿಂದ ವೆಲ್ಲೂರಿನ ಸಿಎಂಸಿ ನೋಡಿಕೊಂಡ ಆಸ್ಪತ್ರೆ ಇದೆ. ಔಷಧಿಯೂ ಪ್ರಾರ್ಥನೆಯೂ ಒಂದೇ ಕಟ್ಟಡದಲ್ಲಿ ಇರಬಹುದು ಅನ್ನೋದಕ್ಕೆ ಅದು ಸಾಕ್ಷಿ.

ಎರಡನೆಯದು, ಕಾಗದಪತ್ರ. ನಗಬೇಡಿ ಅಂದಿದ್ದು ಇದಕ್ಕೇ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ 2015ರಿಂದ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನ ಜ್ಯೋತಿ 436 ರೂಪಾಯಿ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. ಎಷ್ಟೋ ಹುಡುಗರ ಖಾತೆಯಿಂದ ಆ 20 ರೂಪಾಯಿ ಪ್ರತಿ ವರ್ಷ ಹೋಗ್ತಾ ಇರ್ತದೆ, ಊರಿನಲ್ಲಿರುವ ತಾಯಿಗೆ ಅದು ಗೊತ್ತೇ ಇರೋದಿಲ್ಲ. ಹುಡುಗ ಹೆದ್ದಾರಿಯಲ್ಲಿ ಹೋದ ಮೇಲೆ ಯಾರೂ ಕ್ಲೇಮ್ ಹಾಕೋದಿಲ್ಲ. ನಾಮಿನಿ ಜಾಗ ಖಾಲಿ. ಪಾಸ್‌ಬುಕ್ಕಿನಲ್ಲಿ ಆ ನಮೂದು ಇದೆಯಾ ಅಂತ ನೋಡೋಕೆ ಒಬ್ಬ ಸದಸ್ಯನಿಗೆ ಕಲಿಸೋಕೆ ಅರ್ಧ ಗಂಟೆ ಸಾಕು. ಇಎಸ್‌ಐ ಕಾರ್ಡು, ಪಿಎಫ್ ನಂಬರು ಹಾಗೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಹಳೆ ಕಾಯಿದೆಗಳ ಹೆಸರೇ ಬದಲಾಗಿದೆ. ಫ್ಯಾಕ್ಟರಿ ಎಚ್‌ಆರ್ ಮುಂದೆ ವಿಧವೆ ಒಬ್ಬಳೇ ನಿಂತರೆ ಒಂದು ಥರ, ತಿಳಿದ ಇಬ್ಬರು ಜೊತೆಗೆ ನಿಂತರೆ ಇನ್ನೊಂದು ಥರ. ಆ 2 ಲಕ್ಷ ಅವಳ ಕೈಗೆ ತಲುಪಿಸೋದು ದೇವರ ಸೇವೆ ಅಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ.

ಮೂರನೆಯದು, ಸಾವು. ಪರಊರಿನಲ್ಲಿ ಸತ್ತವನ ದೇಹವನ್ನ ಊರಿಗೆ ಕಳಿಸೋದು ಎಂಥ ಕೆಲಸ ಅಂತ ಮಾಡಿದವರಿಗೆ ಗೊತ್ತು. ಆಸ್ಪತ್ರೆಯ ಮರಣದ ಕಾಗದ, ಅಪಘಾತವಾದರೆ ಪೋಸ್ಟ್‌ಮಾರ್ಟಂ, ಪೊಲೀಸರ ನಿರಾಕ್ಷೇಪಣಾ ಪತ್ರ, ವಿಮಾನವಾದರೆ ಎಂಬಾಮಿಂಗ್ ಸರ್ಟಿಫಿಕೇಟು. ದೀಮಾಪುರದ ಹುಡುಗನ ತಂದೆಗೆ ಫೋನಿನಲ್ಲಿ ಯಾವ ಭಾಷೆಯಲ್ಲಿ, ಹೇಗೆ ಹೇಳಬೇಕು? ಸಮಾಧಿಗೆ ಜಾಗ ಯಾರನ್ನ ಕೇಳಬೇಕು? ಇದನ್ನೆಲ್ಲ ರಾತ್ರಿ ಎರಡು ಗಂಟೆಗೆ ಹುಡುಕಬಾರದು. ಒಂದು ಹಾಳೆಯಲ್ಲಿ ಬರೆದು ನಾಲ್ಕು ಜನರ ಹತ್ತಿರ ಇರಬೇಕು.

ನಾಲ್ಕನೆಯದು, ದುಡ್ಡು. ಕಾಣಿಕೆಯನ್ನ ಸಂಬಂಧಿಕರಲ್ಲದ ಇಬ್ಬರು ಎಣಿಸಬೇಕು, ಅವತ್ತೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು, ಮಾರನೇ ದಿನ ಸಭೆಯ ಖಾತೆಗೆ ಕಟ್ಟಬೇಕು. ಪಾಸ್ಟರ್ ಅವರ ಸ್ವಂತ ಯುಪಿಐ ಕ್ಯೂಆರ್ ಗೋಡೆಗೆ ಅಂಟಿಸಬಾರದು. ಅವರು ಪ್ರಾಮಾಣಿಕರು ಅನ್ನೋದಕ್ಕಾಗಿಯೇ ಅಂಟಿಸಬಾರದು, ಅವರ ಹೆಸರು ಉಳಿಯಬೇಕಲ್ಲ. ಬ್ಯಾಂಕಿನಲ್ಲಿ ಒಬ್ಬ ನಮೂದಿಸಿದ್ದನ್ನ ಇನ್ನೊಬ್ಬ ಪರಿಶೀಲಿಸೋದು ಅವನು ಕಳ್ಳ ಅಂತ ಅಲ್ಲ. ಟ್ರಸ್ಟ್ ಆಗಿ ನೋಂದಾಯಿಸಿದರೆ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯ ಪ್ರಕಾರ ಲೆಕ್ಕ ಇಡಲೇಬೇಕು. ಇದನ್ನ ಸದಸ್ಯರೆಲ್ಲರೂ ತಿಳಿದಿದ್ದರೆ ಮಾತ್ರ ವಾರ್ಷಿಕ ಸಭೆಯಲ್ಲಿ ಅವರ ಓಟಿಗೆ ಅರ್ಥ.

ಐದನೆಯದು, ಮಕ್ಕಳ ಸುರಕ್ಷತೆ. ಸಂಡೇ ಸ್ಕೂಲಿನಲ್ಲಿ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಬಾಗಿಲು ಹಾಕಿಕೊಂಡು ಇರಬಾರದು. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆದದ್ದು ಗೊತ್ತಾದರೆ ತಿಳಿಸೋದು ಕಡ್ಡಾಯ. ಸಭೆಯ ಮರ್ಯಾದೆ ಅಂತ ಒಳಗೊಳಗೇ ಮುಚ್ಚಿಹಾಕೋದಕ್ಕೆ ಅವಕಾಶ ಇಲ್ಲ.

ಇಷ್ಟನ್ನ ಯಾವಾಗ, ಹೇಗೆ ಕಲಿಸೋದು? ಪುಣೆಯಲ್ಲೇ ಬಿಬವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ, 1983ರಲ್ಲಿ ಯವತಮಾಳದಿಂದ ಇಲ್ಲಿಗೆ ಬಂದದ್ದು. ಒಳ್ಳೆಯ ಸಂಸ್ಥೆ. ಆದರೆ ರಾತ್ರಿ ಪಾಳಿ ಮುಗಿಸಿ ಬರುವ ಫಿಟ್ಟರ್ ವರ್ಷಗಟ್ಟಲೆ ಹಾಸ್ಟೆಲಿನಲ್ಲಿ ಓದೋಕೆ ಆಗ್ತದೆಯೇ? ಇದೇ ಸಮಸ್ಯೆ 1963ರಲ್ಲಿ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿಗೆ ಎದುರಾಗಿತ್ತು. ಹಳ್ಳಿಯಲ್ಲಿ ನಿಜವಾಗಿ ಸಭೆ ನಡೆಸ್ತಿದ್ದ ರೈತರು ಪಟ್ಟಣಕ್ಕೆ ಬಂದು ಓದಲಾರರು, ಪಟ್ಟಣದಲ್ಲಿ ಓದಿದವರು ಹಳ್ಳಿಗೆ ಹೋಗಲಾರರು. ಅವರು ಸೆಮಿನರಿಯನ್ನೇ ಹಳ್ಳಿಗೆ ಕಳಿಸಿದರು: ವಾರವಿಡೀ ಮನೆಯಲ್ಲೇ ಪಾಠದ ಪುಸ್ತಕ, ವಾರಕ್ಕೊಮ್ಮೆ ಗುಂಪಾಗಿ ಚರ್ಚೆ, ನಡುವೆ ಸಭೆಯ ಕೆಲಸ. ಆ ಕ್ರಮ ಭಾರತಕ್ಕೂ ಬಂತು. 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟೀ ಅನ್ನುವ ಸಂಸ್ಥೆ ಹುಟ್ಟಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಇಂಥ ಪಾಠಗಳನ್ನ ತಂದಿತು. ಬ್ಯಾಂಕಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. 1928ರಲ್ಲಿ ನಮ್ಮ ಬ್ಯಾಂಕರ್ಸ್ ಇನ್‌ಸ್ಟಿಟ್ಯೂಟ್ ಶುರುವಾದಾಗಿನಿಂದ ನಾವು ಹಗಲು ಕೌಂಟರ್, ರಾತ್ರಿ ಪುಸ್ತಕ ಅಂತಲೇ ಪರೀಕ್ಷೆ ಪಾಸು ಮಾಡಿದವರು.

ಚಾಕಣದಲ್ಲಿ ಹನ್ನೆರಡು ಭಾನುವಾರ, ಆರಾಧನೆಯ ನಂತರ ಒಂದೊಂದು ಗಂಟೆ ಸಾಕು. ಶಿಫ್ಟಿನಿಂದ ತಪ್ಪಿಸಿಕೊಂಡವರಿಗೆ ಅದೇ ಪಾಠ ಬುಧವಾರ ಸಂಜೆ. ವಾರದ ಮಧ್ಯೆ ಒಂದು ಭೇಟಿ, ಅನುಭವಸ್ಥರ ಜೊತೆ. ಭಾಷೆ ಗುಂಪಿನ ಭಾಷೆ. ಮನುಷ್ಯ ಫ್ಯಾಕ್ಟರಿಯಲ್ಲಿ ಹಿಂದಿ ಮಾತಾಡಬಹುದು, ಜ್ವರ ಬಂದಾಗ ಅವ್ವಾ ಅಂತಾನೇ ನರಳ್ತಾನೆ. ಆದ್ದರಿಂದ ನಾಲ್ಕು ಕನ್ನಡದ ಮನೆ ಇದ್ದರೂ ಕನ್ನಡದಲ್ಲಿ ಹೋಗಿ ಕೂರುವ ಒಬ್ಬರು ತಯಾರಾಗಬೇಕು. ಹೆಂಗಸರು ಅರ್ಧಕ್ಕಿಂತ ಹೆಚ್ಚು ಇರಬೇಕು. ಈಗಲೂ ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಕುಡಿತ ಅಂತ ಮೊದಲು ಗೊತ್ತಾಗೋದು ಅವರಿಗೇ.

ವಿರೋಧದ ಮಾತುಗಳನ್ನೂ ಕೇಳಿದ್ದೇನೆ. ಅರೆಬರೆ ಕಲಿತವರು ಅಪಾಯ ಅಂತಾರೆ. ನಿಜ. ಮೂರು ದಿನದಲ್ಲಿ ಮೈಕು ಹಿಡಿದವನೇ ಅದಕ್ಕೆ ಉದಾಹರಣೆ. ಅದಕ್ಕೇ ಹೇಳೋದು, ಎಲ್ಲಿ ನಿಲ್ಲಿಸಬೇಕು ಅನ್ನೋದೂ ಪಾಠದ ಒಳಗೇ ಇರಲಿ ಅಂತ. ಆತ್ಮಹತ್ಯೆಯ ಮಾತಾಡುವವನನ್ನ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಹೊಡೆತ ತಿನ್ನುವ ಹೆಂಗಸಿಗೆ ಸಹಿಸಿಕೋ ತಾಯಿ ಅನ್ನಬಾರದು. ಬ್ಯಾಂಕಿನಲ್ಲಿ ಪ್ರತಿ ಅಧಿಕಾರಿಗೂ ಒಂದು ಮಿತಿ ಇರ್ತದೆ, ಅದರ ಮೇಲಿನ ಸಾಲ ಮೇಲಿನವರ ಮೇಜಿಗೆ ಹೋಗ್ತದೆ. ಹಾಗೇ ಇಲ್ಲೂ.

ಹಾಗಾದರೆ ಪಾಸ್ಟರ್ ಏನು ಮಾಡ್ತಾರೆ ಅಂತ ಇನ್ನೊಂದು ಪ್ರಶ್ನೆ. ಓದ್ತಾರೆ, ಬೋಧಿಸ್ತಾರೆ, ಈ ಹತ್ತು ಜನರನ್ನ ತಿದ್ದುತ್ತಾರೆ. ಸೆಮಿನರಿಯ ಓದು ಅದಕ್ಕೇ ಅಲ್ಲವೇ? ಈಗ ಪಾಪ ಅವರು ಓದಿದ್ದೆಲ್ಲ ಬೈಕಿನ ಹೊಗೆಯಲ್ಲಿ ಹೋಗ್ತಾ ಇದೆ. ಸದಸ್ಯರು ಕಲಿತರೆ ತನ್ನ ಸ್ಥಾನ ಹೋಗ್ತದೆ ಅಂತ ಹೆದರುವ ಪಾಸ್ಟರ್ ಒಬ್ಬಿಬ್ಬರು ಇರಬಹುದು. ಕ್ಲರ್ಕು ಪರೀಕ್ಷೆ ಪಾಸಾದರೆ ಮ್ಯಾನೇಜರ್ ಕೆಲಸ ಹೋಗಿದ್ದು ನಾನಂತೂ ನೋಡಿಲ್ಲ.

ಕೊನೆಗೆ ಖರ್ಚು. ಒಂದು ಶಿಬಿರದ ಹಾಲ್ ಬಾಡಿಗೆ, ಬ್ಯಾನರ್, ಊಟದ ದುಡ್ಡಿನಲ್ಲಿ ಇಡೀ ಹನ್ನೆರಡು ವಾರ ನಡೀತದೆ ಅಂತ ನನ್ನ ಅಂದಾಜು. ವಾರ್ಷಿಕ ಸಭೆಯ ಬಜೆಟ್ ಹಾಳೆಯಲ್ಲಿ ಸೌಂಡ್ ಸಿಸ್ಟಮ್ ಅಂತ ಒಂದು ಸಾಲು ಎಲ್ಲ ಸಭೆಯಲ್ಲೂ ಇರ್ತದೆ. ಅದರ ಕೆಳಗೆ ಸದಸ್ಯರ ತರಬೇತಿ ಅಂತ ಇನ್ನೊಂದು ಸಾಲು ಬರೆಸಿ, ಎದುರಿಗೆ ಸೊನ್ನೆ ಇರದ ಹಾಗೆ ನೋಡಿಕೊಳ್ಳಿ. ಓಟು ನಿಮ್ಮದೇ ಇದೆ.

ಮುಂಬಯಿ, ಹೈದರಾಬಾದ್, ಸೂರತ್ ಕಡೆ ಇರುವ ಕನ್ನಡದ ಓದುಗರೇ, ನಿಮ್ಮ ಸಭೆಯಲ್ಲಿ, ಸಂಘದಲ್ಲಿ, ಭಜನಾ ಮಂಡಳಿಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಹೋಗೋಕೆ ತಯಾರಿರೋರು ಎಷ್ಟು ಜನ? ಒಬ್ಬರೇ ಅಂದರೆ ಅವರ ಹೆಸರು ಬೇಡ, ಅವರ ಜೊತೆಗೆ ಇನ್ನೂ ಮೂವರನ್ನ ತಯಾರು ಮಾಡೋಕೆ ಏನು ಮಾಡ್ತಿದ್ದೀರಿ ಅಂತ ಬರೆದು ತಿಳಿಸಿ.